ಕಾಣಿಕೆಗೆ ಮೊದಲು

ಹೊಳೆಯ ದಂಡೆಯಲ್ಲಿ ಒಂದು ಕ್ರೈಸ್ತ ಆಶ್ರಮವಿತ್ತು. ಗುರು ಜ್ಞಾನನಾಥರು ಅಲ್ಲಿ ಶುಭಸಂದೇಶ ಕಲಿಸುತ್ತಿದ್ದರು. ಕಲಿಯುವವರ ಪೈಕಿ ಇನ್ನಾಸಪ್ಪನೇ ಜಾಣ. ಜಾಣ ಎಂದರೆ, ಯಾವ ಮಾತು ಯಾವ ಅಧ್ಯಾಯದಲ್ಲಿದೆ ಎಂದು ಪುಸ್ತಕ ತೆರೆಯದೆ ಹೇಳಬಲ್ಲವನು.

ಬರುವ ಭಾನುವಾರ ಅವನು ವ್ರತ ತೊಡುವವನಿದ್ದ. ಬಲಿಪೀಠದ ಮುಂದೆ ನಿಂತು, ತನ್ನ ಇಡೀ ಬದುಕನ್ನು ಕಾಣಿಕೆಯಾಗಿ ಇಡುವುದು ಎಂದು ಅದರ ಅರ್ಥ. ಅದಕ್ಕೆ ಮೊದಲು ಗುರುಗಳಿಗೆ ಒಂದು ಭಾಗವನ್ನು ವಿವರಿಸಿ ಹೇಳಬೇಕೆಂಬುದು ಆಶ್ರಮದ ಪದ್ಧತಿ.

ಇನ್ನಾಸಪ್ಪ ಕಾಣಿಕೆಯ ಮಾತನ್ನೇ ಆರಿಸಿಕೊಂಡ. ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು, ಮೊದಲು ಹೋಗಿ ಸೋದರನೊಡನೆ ಸಮಾಧಾನ ಮಾಡಿಕೊಂಡು ಬಾ ಎಂದು ಯೇಸುಸ್ವಾಮಿ ಹೇಳುವ ಭಾಗ ಅದು.

ಗುರುಗಳು ಸೊಪ್ಪು ಬಿಡಿಸುತ್ತ ಕೇಳಿದರು. ಇನ್ನಾಸಪ್ಪ ಸೊಗಸಾಗಿ ವಿವರಿಸಿದ. ಬಿಡಿಸಿದ ಸೊಪ್ಪು ಬಾಡುವಷ್ಟು ಹೊತ್ತು ವಿವರಿಸಿದ.

"ಚೆನ್ನಾಗಿ ಹೇಳಿದೆ" ಎಂದರು ಗುರುಗಳು. "ಆ ಸೋದರ ಯಾವ ಊರಿನಲ್ಲಿದ್ದಾನೆ?"

"ಯಾವ ಸೋದರ, ಗುರುಗಳೇ?"

"ಇಷ್ಟೊತ್ತು ಹೇಳಿದೆಯಲ್ಲ, ಅವನು."

"ಅದು ಎಲ್ಲರಿಗೂ ಅನ್ವಯಿಸುವ ಮಾತು. ಊರು ಅಂತ ಏನಿಲ್ಲ."

"ಹಾಗಾದರೆ ಅಲ್ಲಿಗೆ ಬಸ್ಸೂ ಇರಲಿಕ್ಕಿಲ್ಲ" ಎಂದು ಗುರುಗಳು ಸೊಪ್ಪಿನ ಬುಟ್ಟಿ ಎತ್ತಿಕೊಂಡರು.

ಇನ್ನಾಸಪ್ಪ ನಕ್ಕ. ನಗು ಬೇಗ ನಿಂತಿತು.

"ಒಬ್ಬಳು ಅಕ್ಕ ಇದ್ದಾಳೆ. ಲೂರ್ದಮ್ಮ. ಮಾತು ಬಿಟ್ಟು ವರ್ಷವಾಯಿತು."

"ಬಸ್ಸು?"

"ಬೆಳಿಗ್ಗೆ ಒಂದಿದೆ."

ಶನಿವಾರ ಹೋದವನು ಸಂಜೆಗೆ ಮರಳಿದ. ಮುಖ ಸಪ್ಪಗಿತ್ತು, ಆದರೆ ಕರ್ತವ್ಯ ಮುಗಿಸಿದವನ ನೆಮ್ಮದಿಯೂ ಅದರಲ್ಲಿ ಸ್ವಲ್ಪ ಇತ್ತು.

"ಹೋಗಿಬಂದೆ, ಗುರುಗಳೇ. ನಿನ್ನನ್ನು ಕ್ಷಮಿಸಿದ್ದೇನೆ ಎಂದೆ. ಬಾಗಿಲು ಹಾಕಿಕೊಂಡಳು. ನನ್ನ ಪಾಲಿನದು ನಾನು ಮಾಡಿದೆ."

"ಏನನ್ನು ಕ್ಷಮಿಸಿದೆ?"

"ಅಪ್ಪನನ್ನು ಮಣ್ಣು ಮಾಡಿದ ದಿನ, ಇನ್ನಾಸ ಈ ಮನೆಯ ಮಗನೇ ಅಲ್ಲ ಎಂದು ಊರೆಲ್ಲರ ಮುಂದೆ ಹೇಳಿದಳಂತೆ. ಅದನ್ನು."

"ಆ ಭಾಗವನ್ನು ಇನ್ನೊಮ್ಮೆ ಓದು."

ಬಾಯಿಪಾಠವಾಗಿದ್ದುದರಿಂದ ಅವನು ಪುಸ್ತಕ ತೆರೆಯಲಿಲ್ಲ.

"ತೆರೆದು ಓದು" ಎಂದರು ಗುರುಗಳು.

ತೆರೆದು ಓದಿದ. ಅರ್ಧಕ್ಕೆ ಬಂದಾಗ ದನಿ ತಗ್ಗಿತು. ನಿನಗೆ ಸೋದರನ ಮೇಲೆ ಸಿಟ್ಟಿದ್ದರೆ ಹೋಗು ಎಂದು ಅಲ್ಲಿ ಇರಲಿಲ್ಲ. ಸೋದರನಿಗೆ ನಿನ್ನ ಮೇಲೆ ಮನಸ್ತಾಪ ಇರುವುದು ನೆನಪಾದರೆ ಹೋಗು ಎಂದಿತ್ತು. ಇಷ್ಟು ಕಾಲ ಅವನು ಅದನ್ನು ತಿರುವುಮುರುವಾಗಿ ಹಿಡಿದುಕೊಂಡಿದ್ದ. ಕಣ್ಣಿಗೆ ಕಾಣದೆ ಅಲ್ಲ, ಹಾಗೆ ಹಿಡಿಯುವುದು ಹಿತವಾಗಿದ್ದುದರಿಂದ.

"ಅವಳು ಯಾಕೆ ಹಾಗೆ ಅಂದಳು?" ಎಂದು ಗುರುಗಳು ಕೇಳಿದರು.

ಇನ್ನಾಸಪ್ಪ ಪುಸ್ತಕ ಮುಚ್ಚಿದ.

"ಅಪ್ಪನಿಗೆ ಕೊನೆಗಾಲ, ಹೊರಟು ಬಾ ಎಂದು ಅಕ್ಕ ಫೋನ್ ಮಾಡಿದ್ದಳು. ನಾನು ಧ್ಯಾನಕೂಟದಲ್ಲಿದ್ದೆ. ಸತ್ತವರನ್ನು ಹೂಳುವ ಕೆಲಸ ಸತ್ತವರಿಗೇ ಬಿಡಬೇಕು ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ ಎಂದೆ. ಫೋನ್ ಇಟ್ಟೆ."

ಗುರುಗಳು ಕೇಳಿದರು,

"ಆ ಮಾತನ್ನು ನಿನಗೆ ಕಲಿಸಿದವರು ಯಾರು?"

"ನೀವೇ, ಗುರುಗಳೇ. ಆ ವಾರ ಅದೇ ಪಾಠ ನಡೆದಿತ್ತು."

ಗುರುಗಳು ಎದ್ದು ಹೊಳೆಯ ಕಡೆ ನೋಡುತ್ತ ನಿಂತರು.

"ಬೆಳಿಗ್ಗೆ ಹೊರಡೋಣ" ಎಂದರು.

"ಬೆಳಿಗ್ಗೆ ಬಲಿಪೂಜೆ ಇದೆಯಲ್ಲ. ನನ್ನ ವ್ರತ. ಜನ ಬಂದಿರುತ್ತಾರೆ."

"ಹಾಡು ಹೇಳಿಕೊಂಡಿರಲಿ. ಕಾಣಿಕೆ ಅಲ್ಲೇ ಬಿಟ್ಟು ಹೋಗಬೇಕು ಎಂದು ಅಷ್ಟು ವಿವರಿಸಿದವನು ನೀನು."

ಲೂರ್ದಮ್ಮನ ಮನೆ ಊರಿನ ಕೊನೆಯಲ್ಲಿತ್ತು. ಬಾಗಿಲು ತೆರೆದವಳು ಇಬ್ಬರನ್ನೂ ನೋಡಿ ಸೆರಗಿಗೆ ಕೈ ಒರೆಸಿಕೊಂಡಳು. ಒಳಗೆ ಬನ್ನಿ ಎನ್ನಲಿಲ್ಲ.

"ನಿನ್ನೆ ಒಬ್ಬನೇ ಬಂದಿದ್ದ. ಇವತ್ತು ಸ್ವಾಮಿಗಳನ್ನೂ ಕರ್ಕೊಂಡು ಬಂದಿದ್ದಾನೆ. ನೀವೂ ನನ್ನನ್ನ ಕ್ಷಮಿಸೋಕೆ ಬಂದಿರಾ, ಸ್ವಾಮಿ?"

ಗುರುಗಳು ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತರು.

"ಇಲ್ಲಮ್ಮ. ಇವನು ಫೋನಿನಲ್ಲಿ ಹೇಳಿದ ಮಾತು ನಾನು ಕಲಿಸಿದ್ದು. ಯಾರಿಗೆ, ಯಾವಾಗ ಹೇಳಬಾರದು ಅನ್ನುವುದನ್ನು ಕಲಿಸಲಿಲ್ಲ. ನನ್ನಿಂದ ತಪ್ಪಾಯಿತು." ಹೀಗೆಂದು ಕೈ ಮುಗಿದು ತಲೆ ಬಾಗಿಸಿದರು.

ಲೂರ್ದಮ್ಮ ಬಾಗಿಲು ಹಿಡಿದುಕೊಂಡಳು. ಅವಳು ಜಗಳಕ್ಕೆ ಸಿದ್ಧಳಾಗಿದ್ದಳೇ ಹೊರತು ಇದಕ್ಕೆ ಸಿದ್ಧಳಾಗಿರಲಿಲ್ಲ.

ಗುರುಗಳು ಬಾಗಿದ್ದನ್ನು ಇನ್ನಾಸಪ್ಪ ಎಂದೂ ಕಂಡಿರಲಿಲ್ಲ. ಅವನು ಅಂಗಳದ ಮಣ್ಣಿನಲ್ಲಿ ಕುಳಿತುಬಿಟ್ಟ.

"ಅಕ್ಕಾ, ನಿನ್ನೆ ನಾನು ಹೇಳಿದ್ದನ್ನ ಬಿಡು. ನಿನ್ನ ಮನಸ್ಸಲ್ಲಿ ನನ್ನ ಮೇಲೆ ಏನಿದೆ, ಹೇಳು. ಕೇಳೋಕೆ ಬಂದೆ."

"ಕೇಳ್ತೀಯಾ? ಪೂರ್ತಿ ಕೇಳಬೇಕು. ನಡುವೆ ಅಧ್ಯಾಯ, ವಾಕ್ಯ ಅಂತ ಬರಬಾರದು."

"ಬರಲ್ಲ."

"ಆ ದಿನ ಅಪ್ಪ ಕಣ್ಣು ಬಿಟ್ಟಾಗಲೆಲ್ಲ ಒಂದೇ ಕೇಳ್ತಿದ್ದ, ಇನ್ನಾಸ ಹೊರಟನಾ ಅಂತ. ಹೊರಟಿದಾನೆ ಅಪ್ಪಾ, ದಾರೀಲಿದಾನೆ ಅಂದೆ. ಮತ್ತೆ ಕೇಳ್ದ, ಮತ್ತೆ ಅದನ್ನೇ ಅಂದೆ. ಬಾಗಿಲ ಕಡೆ ಮುಖ ಮಾಡ್ಕೊಂಡೇ ಹೋದ ಕಣೋ. ಸಾಯೋ ಮನುಷ್ಯನಿಗೆ ಸುಳ್ಳು ಹೇಳಿಸಿದೆ ನೀನು ನನ್ನ ಕೈಲಿ. ಪಾಪನಿವೇದನೆಗೆ ಮಂಡಿಯೂರಿದಾಗಲೂ ನನಗೆ ಅದು ಬಾಯಿಗೆ ಬರಲ್ಲ."

ಇನ್ನಾಸಪ್ಪನಿಗೆ ಅಷ್ಟು ವಾಕ್ಯಗಳು ಬರುತ್ತಿದ್ದವು. ಆಗ ಒಂದೂ ಬರಲಿಲ್ಲ. ತಲೆ ಬಗ್ಗಿಸಿ ಅತ್ತ. ಅಕ್ಕ ಸಮಾಧಾನ ಹೇಳಲಿಲ್ಲ, ಬಾಗಿಲನ್ನೂ ಹಾಕಲಿಲ್ಲ.

ಅಳು ನಿಂತ ಮೇಲೆ ಅವನು ಕೇಳಿದ, "ಅಪ್ಪನನ್ನ ಎಲ್ಲಿ ಮಲಗಿಸಿದ್ದೀರಿ?"

"ಅದೂ ಗೊತ್ತಿಲ್ಲವಲ್ಲ ನಿನಗೆ" ಎಂದಳು ಲೂರ್ದಮ್ಮ. ಈ ಸಲ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು. "ಅಮ್ಮನ ಪಕ್ಕದಲ್ಲೇ. ಹುಲ್ಲು ಬೆಳೆದಿದೆ. ಗುರುತು ಸಿಗಲ್ಲ, ನಾನೇ ತೋರಿಸಬೇಕು."

ಅವಳು ದಾರಿಯ ಕಡೆ ನೋಡಿದಳು. ಆಮೇಲೆ ಒಳಗೆ ನೋಡಿದಳು.

"ಒಲೆ ಮೇಲೆ ಅನ್ನ ಇದೆ" ಎಂದಳು. ಬರುತ್ತೇನೆ ಎಂದೂ ಅಲ್ಲ, ಬರುವುದಿಲ್ಲ ಎಂದೂ ಅಲ್ಲ.

ಗುರುಗಳು ಆಗಲೇ ಕಾಲು ತೊಳೆದುಕೊಂಡು, ಕಾವಿಯ ಶಾಲನ್ನು ಸೊಂಟಕ್ಕೆ ಬಿಗಿದು, ಮೆಟ್ಟಿಲು ಹತ್ತುತ್ತಿದ್ದರು.

"ನೀವಿಬ್ಬರೂ ಹೋಗಿಬನ್ನಿ. ಅನ್ನ ನಾನು ಬಸಿಯುತ್ತೇನೆ."