ಲಂಗರಿನ ಗಡಿಯಾರ

೧೯೯೮ರ ನವೆಂಬರ್ ಒಂಬತ್ತು, ಸೋಮವಾರ. ಬೆಳಗಿನಿಂದ ಮೋಡ ಕವಿದಿತ್ತು, ಮಳೆ ಬರಲಿಲ್ಲ.

ನದಿಯ ದಡದ ಆಶ್ರಮದಲ್ಲಿ ವಿರೂಪಾಕ್ಷ ಅವಧಾನಿಗಳು ತಮ್ಮ ಆರು ಕೈಗಡಿಯಾರಗಳಿಗೆ ಕೀ ಕೊಡುತ್ತಿದ್ದರು. ಎಲ್ಲವೂ ಹಳೆಯವು, ಬೆಲೆಬಾಳುವವು. ಸಂಸಾರ ಬಿಟ್ಟು ಬಂದಾಗ ಅವರು ಇವನ್ನು ಮಾತ್ರ ಬಿಟ್ಟಿರಲಿಲ್ಲ.

"ಸನ್ಯಾಸಿಗೆ ಆರು ಗಡಿಯಾರ ಯಾಕೆ ಗುರುಗಳೇ?" ಎಂದು ಶಿಷ್ಯ ಶ್ರೀಕರ ಒಮ್ಮೆ ಕೇಳಿದ್ದ.

"ಐದು ಸಾಲದು ಅನ್ನಿಸಿತು," ಎಂದಿದ್ದರು.

ಶ್ರೀಕರ ಬಟ್ಟೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಹಳೆಯ ಗಡಿಯಾರ ಸಂಗ್ರಹಿಸುವ ವಿದ್ಯೆ ಕಲಿಯಲು ಬಂದವನು. ತಿಂಗಳುಗಳು ಕಳೆದರೂ ಒಂದನ್ನೂ ಕೊಂಡಿರಲಿಲ್ಲ. ಗುರುಗಳು ಅವನಿಗೆ ಕಲಿಸಿದ್ದು ಒಂದೇ: ಸಂಶಯ.

"ಹಳೆಯ ಗಡಿಯಾರದ ಡಯಲ್ ಥಳಥಳ ಹೊಳೆದರೆ ಸಂಶಯಪಡು. ಮಾರುವವನು ಮಹಾರಾಜರ ಕಥೆ ಶುರು ಮಾಡಿದರೆ ಕಿವಿಗೆ ಹತ್ತಿ ಇಟ್ಟುಕೊ. ಕೊಳ್ಳುವಾಗ ಮೂರನ್ನು ನಂಬಬಾರದು. ಗಡಿಯಾರವನ್ನು, ಮಾರುವವನನ್ನು."

"ಮೂರನೆಯದು?"

"ಮೊದಲು ಎರಡು ಕಲಿ."

ಆ ಸೋಮವಾರ ಶ್ರೀಕರ ಕರವಸ್ತ್ರದಲ್ಲಿ ಸುತ್ತಿದ ಗಡಿಯಾರವೊಂದನ್ನು ಗುರುಗಳ ಮುಂದಿಟ್ಟ. ಚಿನ್ನದ ಕೇಸು. ಹಿಂಬದಿಯಲ್ಲಿ ಪುಟ್ಟ ಲಂಗರು ಕೆತ್ತಿದ್ದರು.

"ಯಾರದು?"

"ಆಚೆ ದಡದ ಕಮಲಾಕ್ಷಮ್ಮನವರದು. ತೀರಿಹೋದ ಯಜಮಾನರು ಹಡಗಿನಲ್ಲಿ ಡಾಕ್ಟರಾಗಿದ್ದರಂತೆ. ಗುರುಗಳಿಗೆ ತೋರಿಸಿ ಬಾ ಅಂತ ನನ್ನ ಕೈಗೇ ಕೊಟ್ಟು ಕಳಿಸಿದರು. ಚೀಟಿ ಕೂಡ ಬರೆಸಿಕೊಳ್ಳಲಿಲ್ಲ. ನನಗೆ ಅದೇ ಸಂಶಯ."

ಗುರುಗಳು ಭೂತಗನ್ನಡಿ ಕಣ್ಣಿಗಿಟ್ಟರು. ಡಯಲ್ ಚಹಾದ ಬಣ್ಣಕ್ಕೆ ತಿರುಗಿತ್ತು. ಮುಳ್ಳುಗಳೂ ಅದೇ ವಯಸ್ಸಿನವು. ಹಿಂದಿನ ಮುಚ್ಚಳ ತೆಗೆದು ಒಳಗೆ ತುಂಬ ಹೊತ್ತು ನೋಡಿದರು.

"ಎಷ್ಟು ಕೇಳಿದರು?"

"ಹನ್ನೆರಡು ಸಾವಿರ. ಕಣ್ಣಿನ ಆಪರೇಷನ್‌ಗೆ ಆಸ್ಪತ್ರೆಯವರು ಅಷ್ಟು ಹೇಳಿದ್ದಾರಂತೆ." ಶ್ರೀಕರ ದನಿ ತಗ್ಗಿಸಿದ. "ಅಸಲಿಯಾದರೆ ಇದು ಮುಂಬೈಯಲ್ಲಿ ಎರಡು ಲಕ್ಷಕ್ಕೆ ಹೋಗುತ್ತದೆ ಗುರುಗಳೇ. ವಿಚಾರಿಸಿದ್ದೇನೆ. ಆಯಮ್ಮನಿಗೆ ಗೊತ್ತಿಲ್ಲ."

"ನೀನು ಹೇಳಲಿಲ್ಲವೋ?"

"ನಾನು ಕೊಳ್ಳುವವನು. ನಾನು ಯಾಕೆ ಹೇಳಲಿ?"

ಗುರುಗಳು ಮುಚ್ಚಳ ಹಾಕಿದರು. "ವಾಪಸ್ ಕೊಟ್ಟುಬಿಡು."

"ನಕಲಿಯೇ?"

"ವಾಪಸ್ ಕೊಡು ಅಂದೆ."

ಶ್ರೀಕರ ತೆಪ್ಪದಲ್ಲಿ ನದಿ ದಾಟಿ ಕೊಟ್ಟು ಬಂದ. ಕಮಲಾಕ್ಷಮ್ಮ ಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದು, "ಗುರುಗಳು ಬೇಡ ಅಂದರು ಅಂದರೆ ಏನೋ ಊನ ಇರಬೇಕಪ್ಪ. ಬೇರೆಯವರಿಗೆ ಮಾರುವಾಗ ಹೇಳಿಬಿಡುತ್ತೇನೆ," ಎಂದರು.

ಕೊಳ್ಳಲೆಂದು ತೆಗೆದಿಟ್ಟಿದ್ದ ಹನ್ನೆರಡು ಸಾವಿರದ ಕಟ್ಟು ಶ್ರೀಕರನ ಚೀಲದಲ್ಲೇ ಉಳಿಯಿತು.

ಗುರುವಾರ ಪೇಟೆಯ ವ್ಯಾಪಾರಿಯೊಬ್ಬ ಕಾರಿನಲ್ಲಿ ಬಂದ. ಗುರುಗಳು ಶ್ರೀಕರನನ್ನು ಹೂವು ಕೊಯ್ಯಲು ಕಳಿಸಿ ಬಾಗಿಲು ಹಾಕಿಕೊಂಡರು. ಹೂವು ಆಗಲೇ ಬುಟ್ಟಿ ತುಂಬ ಇತ್ತು.

ಶುಕ್ರವಾರ ಗುರುಗಳು ಒಬ್ಬರೇ ತೆಪ್ಪ ಹತ್ತಿ ಆಚೆ ದಡಕ್ಕೆ ಹೋದರು. ಯಾಕೆಂದು ಹೇಳಲಿಲ್ಲ.

ಶನಿವಾರ ಅವರು ಸ್ನಾನಕ್ಕೆ ನದಿಗೆ ಇಳಿದಾಗ ಶ್ರೀಕರ ಗಡಿಯಾರದ ಪೆಟ್ಟಿಗೆ ತೆರೆದ.

ಆರು ಗುಳಿಗಳಲ್ಲಿ ಐದು ಖಾಲಿ. ಉಳಿದ ಒಂದರಲ್ಲಿದ್ದ ಗಡಿಯಾರವನ್ನು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಲಂಗರು.

ಗುರುಗಳು ಒದ್ದೆ ಪಂಚೆಯಲ್ಲಿ ಬಂದರು. ಶ್ರೀಕರ ಪೆಟ್ಟಿಗೆ ಮುಚ್ಚಲಿಲ್ಲ.

"ಇದು ಇಲ್ಲಿಗೆ ಹೇಗೆ ಬಂತು?"

"ಕೊಂಡೆ."

"ನನಗೆ ಬೇಡ ಅಂದಿರಿ."

"ಬೇಡ ಅನ್ನಲಿಲ್ಲ. ವಾಪಸ್ ಕೊಡು ಅಂದೆ."

"ಮೂರನೆಯದು ಯಾರು ಅಂತ ಈಗ ಗೊತ್ತಾಯಿತು. ಗುರು. ಅದಕ್ಕೇ ನೀವು ಬಾಯಿ ಬಿಡಲಿಲ್ಲ."

ಗುರುಗಳು ಪಂಚೆಯ ಅಂಚು ಹಿಂಡಿದರು. "ಹತ್ತಿರ ಬಂದಿದ್ದೀಯ. ಇನ್ನೂ ಸ್ವಲ್ಪ ನಿನ್ನ ಕಡೆ ನೋಡು."

"ಮಾತು ತಿರುಗಿಸಬೇಡಿ. ನಿಮ್ಮವೆಲ್ಲ ಎಲ್ಲಿ? ಆ ವ್ಯಾಪಾರಿ ನಿಮ್ಮ ಪಾಲುದಾರನೋ?"

"ಆರನ್ನೂ ಅವನೇ ಕೊಂಡುಹೋದ."

"ಒಳ್ಳೆಯ ಲಾಭ ಬಂದಿರಬೇಕು."

ಗುರುಗಳು ಚಾಪೆಯ ಮೇಲೆ ಕುಳಿತರು. "ಇದು ನಿನಗೆ ಬೇಕೋ? ಬೇಕಿದ್ದರೆ ತೆಗೆದುಕೊ. ನಾನು ಕೊಟ್ಟಷ್ಟೇ ಕೊಡು. ಒಂದು ಪೈಸೆ ಹೆಚ್ಚಿಗೆ ಬೇಡ."

ಶ್ರೀಕರ ಅವರ ಮುಖವನ್ನೇ ನೋಡಿದ. ಇದರಲ್ಲೂ ಏನೋ ಇದೆ ಎನ್ನಿಸಿತು. ಆದರೂ ಒಳಗೆ ಹೋಗಿ ಚೀಲ ತಂದ. ಹನ್ನೆರಡು ಸಾವಿರದ ಕಟ್ಟನ್ನು ಚಾಪೆಯ ಮೇಲಿಟ್ಟು ಗಡಿಯಾರಕ್ಕೆ ಕೈ ಚಾಚಿದ.

ಗುರುಗಳು ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆ ಕೈ ಇಟ್ಟರು.

"ಸಾಲದು."

"ಆಯಮ್ಮ ಬೆಲೆ ಏರಿಸಿದರೋ?"

"ಇಲ್ಲ. ಊನ ಇದ್ದರೂ ಇರಬಹುದು, ಹತ್ತು ಸಾವಿರ ಕೊಟ್ಟರೂ ಸಾಕು ಅಂದರು."

"ಮತ್ತೆ ನೀವು ಎಷ್ಟು ಕೊಟ್ಟಿರಿ?"

"ಮುಂಬೈಯಲ್ಲಿ ಎರಡು ಲಕ್ಷ ಅಂತ ನೀನೇ ಹೇಳಿದ್ದೆಯಲ್ಲಪ್ಪ. ಅಷ್ಟು ಕೊಟ್ಟೆ."