ಸೋತವನ ಮಾತು

“ಕೇಳಿರಪ್ಪೋ ಕೇಳಿ! ಬುದ್ಧಿ ದೊಡ್ಡದೋ, ಹಿರಿಯರಿಂದ ಬಂದ ಮಾತು ದೊಡ್ಡದೋ ಎಂಬ ಜಗಳ ಅರಸರಿಗೆ ಸಾಕಾಗಿದೆ. ಅವರ ಮೂರು ಒಗಟು ಬಿಡಿಸಿದವರದ್ದೇ ಕೊನೆಯ ಮಾತು. ತಪ್ಪಿದವರಿಗೆ ತಲೆದಂಡ!”

ಶಂಖಪಟ್ಟಣದಲ್ಲಿ ಈ ಡಂಗುರ ಹೊಡೆದದ್ದು ಇಬ್ಬರು ಗೆಳೆಯರ ದೆಸೆಯಿಂದ. ಒಬ್ಬ ತರ್ಕಪಂಡಿತ ತ್ರಿಲೋಚನ, ಇನ್ನೊಬ್ಬ ಯೆಹೂದಿಗಳ ಗುರು ಹಸ್ದಾಯಿ. ಇಪ್ಪತ್ತು ವರ್ಷ ಒಂದೇ ಜಗಲಿಯಲ್ಲಿ ಕೂತು ವಾದ ಮಾಡಿದವರು. ಅರಸನಿಗೋ, ಮುಗಿಯದ ಮಾತೆಂದರೆ ಮೈಯೆಲ್ಲ ಉರಿ. ಕುರ್ಚಿಯಲ್ಲಿ ಕೂತವರಿಗೆ ಸಾಮಾನ್ಯವಾಗಿ ಹಾಗೆಯೇ.

ಮೊದಲು ತ್ರಿಲೋಚನ ಬಂದ. ಅರಸ ಕೇಳಿದ: “ಲೋಕವನ್ನೆಲ್ಲ ಅಳೆಯುತ್ತದೆ, ತನ್ನ ಬುಡವನ್ನು ಮಾತ್ರ ಅಳೆಯಲಾರದು. ಏನದು?”

“ಕಣ್ಣು” ಎಂದ ಪಂಡಿತ. ತಪ್ಪಾಯಿತು. ಅಲ್ಲೇ ಕಟ್ಟೆಯ ಮೇಲೆ ತಲೆ ಹೋಯಿತು.

ಹಸ್ದಾಯಿ ಅದನ್ನು ಬಿಡಿಸಿ ಎರಡನೆಯದಕ್ಕೆ ಎಡವಿದ. “ಸಾವಿರ ವರ್ಷದ ಮುದುಕಿ, ಪ್ರಶ್ನೆ ಕೇಳಿದವರ ಮನೆಯಲ್ಲಿ ಮತ್ತೆ ಕೂಸಾಗುತ್ತಾಳೆ. ಯಾರವಳು?” ಹಸ್ದಾಯಿ “ಭೂಮಿ” ಎಂದಿದ್ದ.

ಅವನನ್ನು ಕೊಲ್ಲುವ ಹೊತ್ತಿಗೆ ಗಾಣದ ಇಸಾಜಿ ಓಡಿಬಂದ. ಜಗಲಿಯ ದೀಪಕ್ಕೆ ಎಣ್ಣೆ ಕೊಟ್ಟು ವಾದ ಕೇಳುತ್ತ ನಿಲ್ಲುತ್ತಿದ್ದ ಬಡ ಯೆಹೂದಿ. ಹೆತ್ತವರಿಲ್ಲದ ಅವನಿಗೆ ಹಸ್ದಾಯಿಯೇ ಎಲ್ಲ. “ಒಡೆಯಾ, ನಾನು ಹೇಳುತ್ತೇನೆ. ಗೆದ್ದರೆ ಗುರುಗಳನ್ನು ಬಿಡಬೇಕು.”

“ಸೋತರೆ ಎರಡು ತಲೆ” ಎಂದ ಅರಸ.

“ಮೊದಲನೆಯದು ಬುದ್ಧಿ. ‘ನಿಮ್ಮ ಬುದ್ಧಿ ತನ್ನ ಬುಡ ಅಳೆಯಲಾರದು ಕಣಯ್ಯ’ ಅಂತ ಗುರುಗಳು ಪಂಡಿತರನ್ನು ದಿನಾ ಕೆಣಕುತ್ತಿದ್ದರು. ಎರಡನೆಯದು ಹಿರಿಯರ ಮಾತು. ‘ಪ್ರಶ್ನೆ ಕೇಳದಿದ್ದರೆ ನಿಮ್ಮ ಮುದುಕಿ ಸತ್ತಳು ಕಣಯ್ಯ’ ಅಂತ ಪಂಡಿತರು ಗುರುಗಳನ್ನು ಛೇಡಿಸುತ್ತಿದ್ದರು. ತಂತಮ್ಮ ಮನೆಯದನ್ನೇ ಇಬ್ಬರೂ ಗುರುತಿಸಲಿಲ್ಲ, ಒಡೆಯಾ.”

ಅರಸ ಮೂರನೆಯದನ್ನು ಕೇಳಿದ: “ಇಬ್ಬರಿದ್ದರೆ ಬದುಕುತ್ತದೆ, ಒಬ್ಬನೇ ಉಳಿದರೆ ಸಾಯುತ್ತದೆ. ಏನು?”

ಇಸಾಜಿ ರಕ್ತ ಒಣಗದ ಕಟ್ಟೆಯತ್ತ ನೋಡಿದ. ಅವನಿಗೆ ಅಳು ಬಂತು. “ವಾದ. ಅದಕ್ಕೇ ನಮ್ಮ ಗ್ರಂಥಗಳಲ್ಲಿ ತೀರ್ಪಿನ ಪಕ್ಕದಲ್ಲೇ ಸೋತವನ ಮಾತನ್ನೂ ಬರೆದಿಡುತ್ತೇವೆ. ತಾವು ಸೋತವನನ್ನೇ ಕೊಂದಿರಿ.”

ಒಗಟು ಅರಸನ ಅಜ್ಜಿ ಹೇಳಿಕೊಟ್ಟದ್ದು. ಉತ್ತರ ಅವನಿಗೆ ಗೊತ್ತಿತ್ತು, ಅರ್ಥ ತಿಳಿದದ್ದು ಆಗ. ತಲೆ ತಗ್ಗಿಸಿ, “ಗುರುವನ್ನು ಕರೆದುಕೊಂಡು ಹೋಗು. ಕೊನೆಯ ಮಾತೂ ನಿನ್ನದೇ, ಹೇಳು” ಎಂದ.

“ನನಗೆ ಬೇಡ. ಪಂಡಿತರು ಹೇಳಿದ್ದನ್ನೆಲ್ಲ ಬರೆಸಿಡಿ, ಸಾಕು.”

ಅಂದು ಸಂಜೆ ಹಸ್ದಾಯಿ ಜಗಲಿಯಲ್ಲಿ ಕೂತು ಎಂದಿನಂತೆ ಒಂದು ಮಾತು ಹೇಳಿದ. ಎದುರಿನ ಖಾಲಿ ಚಾಪೆ ನೋಡುತ್ತ ಬಹಳ ಹೊತ್ತು ಕಾದ.

“ಸರಿಯಾಗಿದೆ, ಗುರುಗಳೇ” ಎಂದ ಇಸಾಜಿ, ಸಮಾಧಾನಕ್ಕೆ.

“ಇನ್ನು ಎಲ್ಲವೂ ಸರಿಯೇ ಇರುತ್ತದಪ್ಪ” ಎಂದು ಮುದುಕ ಬಿಕ್ಕಿ ಬಿಕ್ಕಿ ಅತ್ತ.