ಬೆಂಕಿಗೆ ಹೋದ ತಮಟೆ

ಹೊಳೆ ಉಕ್ಕಿ ಬರುವುದನ್ನು ಕಂಡ ಕೆಂಚಯ್ಯ, ತಗ್ಗಿನ ಕೇರಿಯವರನ್ನು ಎಚ್ಚರಿಸಲು ಊರಿನ ನಗಾರಿ ಬಡಿದ. ತೇವಕ್ಕೆ ಚರ್ಮ ಸಡಿಲಗೊಂಡು ಅದು ಬರೀ ಗೊರಗುಟ್ಟಿತು. ಅವನ ತಮಟೆಯೂ ಹಾಗೆಯೇ ಮೆತ್ತಗಾಗಿತ್ತು.

"ಕೆಂಚಯ್ಯ, ನನ್ನನ್ನು ಬೆಂಕಿಗೆ ಹಿಡಿ," ಎಂದಿತು ತಮಟೆ.

"ಬೇಡ ತಮ್ಮ, ಸುಟ್ಟುಹೋಗುತ್ತೀಯೆ," ಎಂದಿತು ನಗಾರಿ.

"ಸುಡಬಹುದು ಅಣ್ಣ. ಆದರೆ ಉರಿಯಲ್ಲಿ ಕಾಯದೆ ನನಗೆ ದನಿ ಬರದು."

ಕೆಂಚಯ್ಯ ಹುಲ್ಲಿನ ಉರಿಯ ಮೇಲೆ ಅದನ್ನು ಹಿಡಿದ. ಅಂಚು ಕರಕಾಯಿತು, ಚರ್ಮ ಬಿಗಿಯಾಯಿತು. ಏಟು ಬಿದ್ದೊಡನೆ ಕೇರಿಯವರೆಲ್ಲ ಹೊರಬಂದು, ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ದಿಬ್ಬ ಹತ್ತಿದರು. ನೀರು ನುಗ್ಗಿದಾಗ ಮನೆಗಳಲ್ಲಿ ಯಾರೂ ಇರಲಿಲ್ಲ.

ನಗಾರಿ ತಮಟೆಗೆ, "ಊರು ನನ್ನನ್ನು ದೊಡ್ಡದೆಂದಿತು ತಮ್ಮ, ದೊಡ್ಡ ದನಿ ನಿನ್ನದು," ಎಂದಿತು. ಬಳಿಕ ಕೆಂಚಯ್ಯನತ್ತ ತಿರುಗಿ, "ಇನ್ನೊಮ್ಮೆ ಇಂಥ ಹೊತ್ತು ಬಂದರೆ ನನ್ನನ್ನೂ ಬೆಂಕಿಯ ಬಳಿಗೆ ಉರುಳಿಸಪ್ಪ," ಎಂದು ಕೇಳಿಕೊಂಡಿತು.